ಸಂತೆಗೆ ಬಂದ ಮೊಲದ ಮರಿಗೆ ಯಾವ ಕಾನೂನು?

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಸಂತೆಯಲ್ಲಿ ಒಬ್ಬ ತಂತಿ ಬುಟ್ಟಿಯೊಳಗೆ ಹತ್ತು ಬಿಳಿ ಮೊಲದ ಮರಿ ಇಟ್ಟುಕೊಂಡು ಕೂತಿದ್ದಾನೆನ್ನಿ. ಮಕ್ಕಳು ಸುತ್ತ ನೆರೆಯುತ್ತಾರೆ. ಜೋಡಿಗೆ ಎಷ್ಟು ಎಂದು ಚೌಕಾಸಿ ನಡೆಯುತ್ತದೆ. ರಟ್ಟಿನ ಡಬ್ಬಕ್ಕೆ ನಾಲ್ಕು ತೂತು ಹೊಡೆದು, ಮರಿಗಳನ್ನು ಅದರೊಳಗಿಳಿಸಿ ಕೈಗೆ ಕೊಡುತ್ತಾನೆ. ಇದರಲ್ಲಿ ಯಾರಿಗೂ ತಪ್ಪು ಕಾಣುವುದಿಲ್ಲ. ಆದರೆ ಕಾನೂನಿನ ಕಣ್ಣಿಗೆ ಆ ಬುಟ್ಟಿ ಒಂದು ಪೆಟ್ ಶಾಪ್. ನೋಂದಣಿ ಇಲ್ಲದಿದ್ದರೆ ಅಲ್ಲಿ ನಡೆದದ್ದು ಅಕ್ರಮ ವ್ಯಾಪಾರ.

ಹೀಗೆ ಹೇಳುವುದು ಕೇಂದ್ರ ಸರ್ಕಾರ 2018ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಪೆಟ್ ಶಾಪ್ ನಿಯಮಾವಳಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ ಬಂದ ನಿಯಮಗಳಿವು. ಸಾಕುಪ್ರಾಣಿ ಎಂದರೆ ಯಾವುವು ಎಂಬ ಪಟ್ಟಿ ಅದರಲ್ಲಿದೆ: ನಾಯಿ, ಬೆಕ್ಕು, ಮೊಲ, ಗಿನಿ ಪಿಗ್, ಹ್ಯಾಮ್‌ಸ್ಟರ್, ಇಲಿ ಜಾತಿಯವು, ಪಂಜರದ ಹಕ್ಕಿಗಳು. ಅಂಗಡಿ ಎಂಬುದರ ಅರ್ಥವೂ ಅಗಲವಾಗಿದೆ. ಗಾಜಿನ ಬಾಗಿಲಿನ ಮಳಿಗೆಯಷ್ಟೇ ಅಲ್ಲ, ವಾರದ ಸಂತೆಯ ಜಾಗವೂ ಅದರೊಳಗೆ ಬರುತ್ತದೆ. ಆನ್‌ಲೈನ್ ಮಾರಾಟವೂ ಬರುತ್ತದೆ. ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಶುಲ್ಕ 5,000 ರೂಪಾಯಿ, ಅದು ವಾಪಸು ಬರುವಂಥದ್ದಲ್ಲ. ಪ್ರಮಾಣಪತ್ರದ ಅವಧಿ 5 ವರ್ಷ. ಅದನ್ನು ಇನ್ನೊಬ್ಬರ ಹೆಸರಿಗೆ ವರ್ಗಾಯಿಸುವಂತಿಲ್ಲ, ಗಿರಾಕಿಯ ಕಣ್ಣಿಗೆ ಬೀಳುವಂತೆ ತೂಗುಹಾಕಬೇಕು. ಮರಿ ಎಲ್ಲಿಂದ ಬಂತು, ಯಾರಿಗೆ ಹೋಯಿತು ಎಂಬುದಕ್ಕೆ ದಾಖಲೆ ಇಡಬೇಕು. ಗೂಡು ಎಷ್ಟು ದೊಡ್ಡದಿರಬೇಕು ಎಂಬುದಕ್ಕೂ ಅಳತೆಯ ಕೋಷ್ಟಕವಿದೆ.

ಕಾಗದದ ಮೇಲೆ ಇದರಲ್ಲಿ ಕೊರತೆ ಹುಡುಕುವುದು ಕಷ್ಟ. ಆದರೆ ಬರೆದವರ ಕಣ್ಣ ಮುಂದೆ ಇದ್ದದ್ದು ಮಹಾನಗರದ ಮಾಲ್‌ನ ಅಂಗಡಿ. ಜೋಡಿಗೆ ಕೆಲವು ನೂರು ರೂಪಾಯಿ ಎಣಿಸಿಕೊಳ್ಳುವ ಸಂತೆಯ ವ್ಯಾಪಾರಿ 5,000 ಕಟ್ಟಿ, ಬೆಂಗಳೂರಿಗೆ ಅರ್ಜಿ ಹಾಕಿ, ಪರಿಶೀಲನಾ ತಂಡಕ್ಕಾಗಿ ಕಾಯುತ್ತಾನೆಂದು ನಂಬಲು ಬಹಳ ಒಳ್ಳೆಯ ಮನಸ್ಸು ಬೇಕು. ಅವನು ಅರ್ಜಿ ಹಾಕುವುದಿಲ್ಲ. ಹಾಕಿಲ್ಲವೇಕೆ ಎಂದು ಕೇಳಲು ಯಾರೂ ಬರುವುದೂ ಇಲ್ಲ.

ಯಾರು ಬರಬೇಕಿತ್ತು? ಅಲ್ಲೇ ಗೋಜಲು. ಮೊಲ ಎಂಬ ಈ ಒಂದು ಹೆಸರು ನಮ್ಮಲ್ಲಿ ಐದು ಕಾನೂನುಗಳ ಬಾಗಿಲಲ್ಲಿ ಐದು ವೇಷದಲ್ಲಿ ನಿಲ್ಲುತ್ತದೆ. ಪೆಟ್ ಶಾಪ್ ನಿಯಮಕ್ಕೆ ಅದು ಮುದ್ದಿನ ಪ್ರಾಣಿ. ಪಶುಸಂಗೋಪನೆಯವರಿಗೆ ಕುರಿ, ಮೇಕೆಯ ಸಾಲಿಗೆ ಸೇರಿದ ಜಾನುವಾರು. ಕೊಡೈಕೆನಾಲ್ ಬಳಿಯ ಮನ್ನವನೂರಿನಲ್ಲಿ ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯ ಕೇಂದ್ರವೊಂದು ಮಾಂಸದ ಮೊಲದ ತಳಿಗಳ ಮೇಲೆ ಕೆಲಸ ಮಾಡಿಕೊಂಡು ಬಂದಿದೆ. ಪ್ರಯೋಗಾಲಯದಲ್ಲಿ ಅದೇ ಮೊಲ ಪ್ರಯೋಗಪಶು, ಅದಕ್ಕೆ ಬೇರೆಯೇ ಸಮಿತಿ. ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ಭಾರತ 2014ರಲ್ಲಿ ನಿಷೇಧಿಸಿದಾಗ ಹೆಚ್ಚು ಉಪಕಾರವಾದದ್ದು ಮೊಲದ ಕಣ್ಣುಗಳಿಗೆ. ಆಹಾರ ಸುರಕ್ಷತಾ ಪ್ರಾಧಿಕಾರಕ್ಕೆ ಅದು ಮಾಂಸ. ಅದರ ಪಟ್ಟಿಯಲ್ಲಿ ಮೊದಲು ಮೊಲದ ಹೆಸರಿಲ್ಲದೆ ಕೇರಳದ ಸಾಕಣೆದಾರರು ಪೇಚಿಗೆ ಸಿಕ್ಕಿದ್ದರು, ಆಮೇಲೆ ಸೇರಿಸಲಾಯಿತು. ಅರಣ್ಯ ಇಲಾಖೆಗೆ ಮೊಲವೆಂದರೆ ವನ್ಯಜೀವಿ, ಅದು ಬೇರೆಯೇ ಪ್ರಾಣಿ. ಆ ಮಾತು ಮುಂದೆ ಬರುತ್ತದೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಗಾದೆ ಹಟಮಾರಿಗಳ ಬಗ್ಗೆ ಹುಟ್ಟಿದ್ದು. ಇಲ್ಲಿ ಇಲಾಖೆಗಳು ಹಟ ಹಿಡಿದಿದ್ದರೂ ಆಗುತ್ತಿತ್ತು. ಸಂತೆಯ ಬುಟ್ಟಿಯಲ್ಲಿರುವ ಮೊಲವನ್ನು ಯಾರೂ ಹಿಡಿದೇ ಇಲ್ಲ.

ನಿಯಮದೊಳಗೇ ಇನ್ನೊಂದು ದೊಡ್ಡ ತೂತಿದೆ. ಅದು ಮಾರುವವನನ್ನು ನೋಡುತ್ತದೆ, ಮರಿ ಮಾಡಿಸುವವನನ್ನು ನೋಡುವುದಿಲ್ಲ. ನಾಯಿಗೆ 2017ರಲ್ಲೇ ಬೇರೆ ನಿಯಮ ಬಂತು: 18 ತಿಂಗಳು ತುಂಬದ ಹೆಣ್ಣುನಾಯಿಯಿಂದ ಮರಿ ಪಡೆಯಬಾರದು, ಜೀವಮಾನದಲ್ಲಿ ಐದು ಸೂಲಿಗಿಂತ ಹೆಚ್ಚು ಮಾಡಿಸಬಾರದು, 8 ವರ್ಷ ದಾಟಿದ ಮೇಲೆ ಕೂಡಿಸಬಾರದು. ಮೊಲಕ್ಕೆ ಇಂಥ ಒಂದು ಸಾಲೂ ಇಲ್ಲ. ನಾಯಿಗಿಂತ ಮೊಲಕ್ಕೇ ಇದು ಹೆಚ್ಚು ಬೇಕಿತ್ತು ಎನ್ನುವುದು ಅದರ ಮೈಯ ಲೆಕ್ಕ ಗೊತ್ತಿರುವವರಿಗೆಲ್ಲ ತಿಳಿದ ಮಾತು. ಗರ್ಭ 30ರಿಂದ 32 ದಿನ. ಬೆದೆಗೆ ಕಾಯಬೇಕಿಲ್ಲ, ಗಂಡಿನ ಜೊತೆ ಕೂಡಿದ ಮೇಲೆ ಅಂಡ ಬಿಡುಗಡೆಯಾಗುತ್ತದೆ. ಈದ ಮರುದಿನವೇ ಮತ್ತೆ ಗರ್ಭ ಕಟ್ಟಬಲ್ಲದು. ಅಂದರೆ ಒಂದು ಹೆಣ್ಣು ಹೊಟ್ಟೆಯಲ್ಲಿ ಒಂದು ಸೂಲು, ಮೊಲೆಯಲ್ಲಿ ಇನ್ನೊಂದು ಸೂಲು ಹೊತ್ತುಕೊಂಡು ವರ್ಷವಿಡೀ ಸವೆಯಬಹುದು. ಹಾಗೆ ಸವೆಸಿದವನ ಮೇಲೆ ಇಂಥ ನಿಯಮ ಮೀರಿದೆ ಎಂದು ಬೆರಳಿಟ್ಟು ತೋರಿಸಲು ಕಾಗದದಲ್ಲಿ ಏನೂ ಇಲ್ಲ.

ಬರದ ಸೀಮೆಗೆ ಈ ವೇಗವೇ ಆಸೆ ಹುಟ್ಟಿಸುವುದು. ಶೇಂಗಾ ಕೈಕೊಟ್ಟ ವರ್ಷ ‘ಹತ್ತು ಹೆಣ್ಣು ಕೊಳ್ಳಿ, ಮರಿಗಳನ್ನು ನಾವೇ ತೆಗೆದುಕೊಳ್ಳುತ್ತೇವೆ’ ಎಂದು ಬರುವವರ ಮಾತು ಕಿವಿಗೆ ಹಿತವಾಗಿರುತ್ತದೆ. ಇದೇ ಮಾತನ್ನು ಎಮು ಹಕ್ಕಿಯ ಹೆಸರಿನಲ್ಲಿ ಹೇಳಿದ ತಮಿಳುನಾಡಿನ ಪೆರುಂದುರೈನ ಕಂಪನಿ 2012ರಲ್ಲಿ ಕುಸಿದಾಗ, ದುಡ್ಡು ಹಾಕಿದವರ ಜೊತೆಗೆ ಹಕ್ಕಿಗಳೂ ಮೇವಿಲ್ಲದೆ ಕಂಗೆಟ್ಟವು. ಸಾಕಣೆಗೆ ಸಾಲ, ಸಹಾಯಧನ ಕೊಡುವ ಯೋಜನೆಗಳಲ್ಲಿ ಮೊಲವೂ ಹಿಂದಿನಿಂದ ಇದೆ. ಆದರೆ ಮರಿಯನ್ನು ವಾಪಸು ಕೊಳ್ಳುತ್ತೇನೆಂದು ಬರೆದುಕೊಟ್ಟವನು ನಾಳೆ ಫೋನ್ ಎತ್ತದಿದ್ದರೆ ಆ ನೂರು ಮೊಲ ಯಾರ ಜವಾಬ್ದಾರಿ ಎಂದು ಯಾವ ಯೋಜನೆಯೂ ಹೇಳುವುದಿಲ್ಲ. ಅವೇ ಕೊನೆಗೆ ಸಂತೆಯ ಬುಟ್ಟಿಗೆ ಬರುತ್ತವೆ, ಅಗ್ಗಕ್ಕೆ.

ಕೊಂಡೊಯ್ದ ಮೇಲಿನ ಕಥೆಯನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಕಾನೂನು ಯಾಕೆ ಬೇಕೆಂಬುದು ಅಲ್ಲಿ ಗೊತ್ತಾಗುತ್ತದೆ.

ಸಾಕು ಮೊಲದ ಮೂಲ ಯೂರೋಪಿನ ನೈಋತ್ಯ ಮೂಲೆ, ಸ್ಪೇನ್ ಕಡೆ. ನೆಲದೊಳಗೆ ಬಿಲ ತೋಡಿಕೊಂಡು ತಂಪಿನಲ್ಲಿ ಬದುಕುವ ಜಾತಿ. ಅದಕ್ಕೆ ಬೆವರು ಬರುವುದಿಲ್ಲ; ಮೈಯ ಬಿಸಿ ಹೊರಹೋಗುವುದು ಮುಖ್ಯವಾಗಿ ಕಿವಿಗಳಿಂದ. 30 ಡಿಗ್ರಿ ದಾಟಿದರೆ ಒದ್ದಾಡತೊಡಗುತ್ತದೆ, ಮೇವು ಬಿಡುತ್ತದೆ, ಗಂಡುಗಳಲ್ಲಿ ಬೀಜಶಕ್ತಿ ಕುಂದುತ್ತದೆ. 35 ದಾಟಿದ ಮೇಲೆ ಗಾಳಿಯಿಲ್ಲದ ಗೂಡಿನಲ್ಲಿ ಒಂದು ಮಧ್ಯಾಹ್ನ ಸಾಕು. ಚಳ್ಳಕೆರೆಯ ಏಪ್ರಿಲ್ ಎಂಥದ್ದೆಂದು ಅಲ್ಲಿಯವರಿಗೆ ನಾನು ಹೇಳಬೇಕಿಲ್ಲ. ರಾಜ್ಯದಲ್ಲೇ ಕಡಿಮೆ ಮಳೆ ಕಾಣುವ ತಾಲ್ಲೂಕುಗಳ ಸಾಲಿನಲ್ಲಿ ಚಳ್ಳಕೆರೆ, ಪಕ್ಕದ ಮೊಳಕಾಲ್ಮೂರು ಎರಡೂ ಇವೆ. ಜಿಂಕ್ ಶೀಟಿನ ಮಾಳಿಗೆ ಮೇಲೆ, ತಂತಿ ಗೂಡಿನಲ್ಲಿ ಬಿಳಿ ಮೊಲ ಇಟ್ಟರೆ ಅದನ್ನು ಸಾಕುವುದೆನ್ನಲಾಗದು. ಹೊಂಗೆಯ ನೆರಳು, ಹಂಚಿನ ಸೂರು, ಒದ್ದೆ ಗೋಣಿತಾಟಿನ ಪರದೆ, ಮಣ್ಣಿನ ಕುಂಡದಲ್ಲಿ ಸದಾ ನೀರು, ಕಾಲೂರಲು ತಂತಿಯ ಬದಲು ಗಟ್ಟಿ ನೆಲ: ಇಷ್ಟಿದ್ದರೆ ಮಾತ್ರ ಮುಂದಿನ ಮಾತು. ತಂತಿ ನೆಲದ ಮೇಲೆ ತಿಂಗಳುಗಟ್ಟಲೆ ಕೂತ ಮೊಲದ ಹಿಂಗಾಲಿನ ಅಡಿ ಹುಣ್ಣಾಗುತ್ತದೆ. ನೋವಾದರೂ ಅದು ಕಿರುಚುವುದಿಲ್ಲ. ಬೇಟೆಗೆ ಸಿಗುವ ಪ್ರಾಣಿ, ದೌರ್ಬಲ್ಯ ತೋರಿಸಿದರೆ ಉಳಿಯುವುದಿಲ್ಲವೆಂದು ಅದರ ರಕ್ತಕ್ಕೆ ಗೊತ್ತು. ಹಾಗಾಗಿ ‘ನಿನ್ನೆ ಸಂಜೆ ಚೆನ್ನಾಗೇ ಇತ್ತು’ ಎನ್ನುವ ಮಾತು ಮೊಲ ಸಾಕಿದ ಮನೆಗಳಲ್ಲಿ ಅಷ್ಟು ಸಾಮಾನ್ಯ.

ಮೇವಿನ ವಿಷಯದಲ್ಲಿ ಚಳ್ಳಕೆರೆಗೆ ಒಂದು ಅನುಕೂಲವೂ ಇದೆ, ಅದೇ ಅನುಕೂಲದೊಳಗೆ ಅಪಾಯವೂ ಇದೆ. ಮೊಲ ಕ್ಯಾರೆಟ್ ತಿಂದು ಬದುಕುತ್ತದೆ ಎನ್ನುವುದು ಚಿತ್ರಪುಸ್ತಕದ ಮಾತು. ಅದಕ್ಕೆ ಬೇಕಾದದ್ದು ಒಣಹುಲ್ಲು, ನಾರು. ಹಲ್ಲುಗಳು ಸಾಯುವ ತನಕ ಬೆಳೆಯುತ್ತಲೇ ಇರುತ್ತವೆ, ನಾರು ಅಗಿದೇ ಅವು ಸವೆಯಬೇಕು. ಎಣ್ಣೆ ಗಿರಣಿಗಳ ಊರಿನಲ್ಲಿ ಶೇಂಗಾ ಬಳ್ಳಿ, ಶೇಂಗಾ ಹಿಂಡಿ ಸುಲಭಕ್ಕೆ ಸಿಗುತ್ತವೆ. ದನ, ಕುರಿ ತಿನ್ನುತ್ತವಲ್ಲ ಎಂದು ಮೊಲಕ್ಕೂ ಹಾಕುತ್ತಾರೆ. ಬಳ್ಳಿ ಚೆನ್ನಾಗಿ ಒಣಗಿದ್ದರೆ ತೊಂದರೆಯಿಲ್ಲ. ಆದರೆ ನೆಂದು ಬೂಸ್ಟು ಹಿಡಿದ ಬಳ್ಳಿಯಲ್ಲಿ, ಹಳೆಯ ಹಿಂಡಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ಶಿಲೀಂಧ್ರ ವಿಷ ಸೇರಿರುತ್ತದೆ, ಅದಕ್ಕೆ ಅತಿ ಬೇಗ ಬಲಿಯಾಗುವ ಸಾಕುಪ್ರಾಣಿಗಳಲ್ಲಿ ಮೊಲವೂ ಒಂದು. ದನ ತಡೆದುಕೊಂಡ ಮೇವು ಮೊಲದ ಯಕೃತ್ತನ್ನು ಕೆಡಿಸುತ್ತದೆ. ಕಾಯಿಲೆಯಾದಾಗ ಮನೆಯಲ್ಲಿದ್ದ ಮಾತ್ರೆ ಅರೆದು ಕುಡಿಸುವುದು ಇನ್ನೂ ಕೆಟ್ಟದ್ದು. ಅಮಾಕ್ಸಿಸಿಲಿನ್‌ನಂಥ ಪೆನಿಸಿಲಿನ್ ಗುಂಪಿನ ಔಷಧ ಬಾಯಿಯ ಮೂಲಕ ಹೋದರೆ ಮೊಲದ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳು ಸತ್ತು, ಕೆಲವೇ ದಿನಗಳಲ್ಲಿ ಪ್ರಾಣ ಹೋಗಬಹುದು. ನಮ್ಮ ತಾಲ್ಲೂಕು ಪಶು ಆಸ್ಪತ್ರೆಗಳ ದಿನಚರಿ ಹಸು, ಎಮ್ಮೆ, ಕುರಿ, ಮೇಕೆಗಳದ್ದು. ಮೊಲ ಹೊತ್ತು ಹೋದವರಿಗೆ ಪಶುವೈದ್ಯರು ಔಷಧಿಯ ಹೆಸರನ್ನು ಎರಡು ಸಲ ಯೋಚಿಸಿ ಬರೆದರೆ ಅದು ಅವರ ಅಜ್ಞಾನವಲ್ಲ, ಜಾಣತನ.

ಮರಿಯ ವಯಸ್ಸಿನ ಮೋಸ ಬೇರೆ. ಚಿಕ್ಕದಿದ್ದಷ್ಟೂ ಮುದ್ದು, ಮುದ್ದಿದ್ದಷ್ಟೂ ಬೇಗ ಮಾರಾಟ. ಹಾಲು ಬಿಡುವ ಮುಂಚೆಯೇ ತಾಯಿಯಿಂದ ಕಿತ್ತ ಮರಿ ಮನೆ ಸೇರಿದ ವಾರದೊಳಗೆ ಭೇದಿಯಾಗಿ ಸಾಯುತ್ತದೆ; ಮಗು ಅಳುತ್ತದೆ; ಇನ್ನೊಂದು ತಂದುಕೊಡುತ್ತಾರೆ. ವ್ಯಾಪಾರಿಗೆ ಅದರಿಂದ ನಷ್ಟವಿಲ್ಲ. ಇಂಗ್ಲೆಂಡಿನಲ್ಲಿ ಪರವಾನಗಿ ಪಡೆದ ಅಂಗಡಿ 8 ವಾರ ತುಂಬದ ಮೊಲ ಮಾರುವಂತಿಲ್ಲ. ‘ಎರಡೂ ಹೆಣ್ಣು’ ಎಂದು ಕೊಟ್ಟ ಜೋಡಿ ನಾಲ್ಕೈದು ತಿಂಗಳಲ್ಲಿ ಬೆಳೆದು ಮರಿ ಹಾಕುವುದೂ ಉಂಟು, ಎಳೆಯ ಮೊಲದ ಲಿಂಗ ಗುರುತಿಸುವುದು ಪಳಗಿದವರಿಗೂ ಸುಲಭವಲ್ಲ. ಎಂಟು ಹತ್ತು ವರ್ಷ ಬದುಕುವ ಪ್ರಾಣಿಯೆಂದು ಕೊಳ್ಳುವಾಗ ಯಾರೂ ಹೇಳಿರುವುದಿಲ್ಲ. ಗೂಡು ತುಂಬಿತು, ವಾಸನೆ ಶುರುವಾಯಿತು ಎಂದಾಗ ಹೊಳೆಯುವ ಉಪಾಯ ಒಂದೇ: ಗುಡ್ಡದ ಕಡೆ ಬಿಟ್ಟುಬಂದರಾಯಿತು, ಹುಲ್ಲು ತಿಂದುಕೊಂಡಿರಲಿ.

ಆಸ್ಟ್ರೇಲಿಯಾದಲ್ಲಿ 1859ರಲ್ಲಿ ಬಯಲಿಗೆ ಬಿಟ್ಟ ಮೊಲಗಳು ಖಂಡವನ್ನೇ ಮೇಯ್ದವು. ಇವತ್ತಿಗೂ ಅಲ್ಲಿನ ಕ್ವೀನ್ಸ್‌ಲೆಂಡ್ ರಾಜ್ಯದಲ್ಲಿ ಮನೆಯಲ್ಲಿ ಮೊಲ ಸಾಕುವುದೇ ಅಪರಾಧ, ಜಾದೂಗಾರರಿಗೆ ಮತ್ತು ಸಂಶೋಧಕರಿಗೆ ಮಾತ್ರ ಅನುಮತಿ. ನಮ್ಮಲ್ಲಿ ಆಗುವುದು ಅದರ ತಿರುವುಮುರುವು. ಬಯಲಲ್ಲಿ ಬಿಟ್ಟ ಬಿಳಿ ಮೊಲಕ್ಕೆ ಅಡಗುವುದು ಗೊತ್ತಿಲ್ಲ, ಬಣ್ಣವೂ ಅಡಗಲು ಬಿಡುವುದಿಲ್ಲ. ನಾಯಿ, ನರಿ, ಹದ್ದು, ಯಾವುದು ಮೊದಲೋ ಅದಕ್ಕೆ. ಹಾಗೆ ಬಿಟ್ಟುಬರುವುದು 1960ರ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ ಎನ್ನುವುದು ಬಿಟ್ಟುಬಂದವರಿಗೆ ಗೊತ್ತಿರುವುದಿಲ್ಲ. ದಯೆ ತೋರಿದೆವೆಂದೇ ಅವರು ತಿಳಿದಿರುತ್ತಾರೆ.

ಆ ಗುಡ್ಡ, ಬಯಲುಗಳಲ್ಲಿ ಈಗಾಗಲೇ ಇರುವ ಕಂದು ಮೈಯ ಕಾಡುಮೊಲದ ಸಂಗತಿಯೇ ಬೇರೆ. ಅದು ಬಿಲ ತೋಡುವುದಿಲ್ಲ. ಅದರ ಮರಿ ಕಣ್ಣು ಬಿಟ್ಟುಕೊಂಡೇ, ಮೈತುಂಬ ತುಪ್ಪಳ ಹೊತ್ತೇ ಹುಟ್ಟುತ್ತದೆ. ತಾಯಿ ಮರಿಯನ್ನು ಹುಲ್ಲಿನ ಮರೆಯಲ್ಲಿ ಬಿಟ್ಟು ಹಗಲೆಲ್ಲ ದೂರವಿದ್ದು, ಕತ್ತಲಾದ ಮೇಲೆ ಬಂದು ಹಾಲೂಡಿಸುತ್ತದೆ. ಶೇಂಗಾ ಕೀಳುವಾಗ ಹೊಲದಲ್ಲಿ ಸಿಗುವ ‘ತಬ್ಬಲಿ’ ಮರಿ ಬಹುಪಾಲು ತಬ್ಬಲಿಯಲ್ಲ. ಮನೆಗೆ ತಂದರೆ ಬದುಕುವುದು ಅಪರೂಪ. ತಂದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕೈಗೆ ಸಿಕ್ಕಂತೆ. 2022ರ ತಿದ್ದುಪಡಿಯ ನಂತರ ಕಾಡುಮೊಲ ಎರಡನೇ ಪರಿಶಿಷ್ಟದಲ್ಲಿದೆ. ಹಿಡಿದರೆ, ಕೊಂದರೆ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ಮಧ್ಯ ಕರ್ನಾಟಕದ ಕೆಲವು ಊರುಗಳಲ್ಲಿ ಸಂಕ್ರಾಂತಿಗೆ ಕಾಡುಮೊಲ ಹಿಡಿದು, ಕಿವಿಗೆ ಓಲೆ ತೊಡಿಸಿ, ಪೂಜೆ ಮಾಡಿ ಬಿಡುವ ರೂಢಿಯಿದೆ. ಕೊಲ್ಲದೆ ಬಿಡುವುದು ಚೆನ್ನು. ಆದರೆ ಕಾಯ್ದೆಯ ಪ್ರಕಾರ ಹಿಡಿಯುವುದೂ ಬೇಟೆಯೇ. ಇದನ್ನು ಹೇಳಿ ಹಬ್ಬದವರ ಮೇಲೆ ಎಗರುವುದು ನನ್ನ ಉದ್ದೇಶವಲ್ಲ. ಚಳ್ಳಕೆರೆ ತಾಲ್ಲೂಕಿನ ಕುದಾಪುರ, ಉಳ್ಳಾರ್ತಿ ಸುತ್ತಿನ ಅಮೃತ ಮಹಲ್ ಹುಲ್ಲುಗಾವಲಿನ ಸುಮಾರು 10,000 ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋಗಿ ಬಯಲಿನ ಸುತ್ತ ಗೋಡೆ ಎದ್ದಾಗ ಕಾಡುಮೊಲ, ಕೃಷ್ಣಮೃಗಗಳು ಕಳೆದುಕೊಂಡದ್ದು ಓಲೆ ತೊಡಿಸಿದವರಿಂದ ಕಳೆದುಕೊಂಡದ್ದಕ್ಕಿಂತ ಬಹಳ ಹೆಚ್ಚು.

ಕಾಡುಮೊಲಕ್ಕೆ ಲಕ್ಷ ರೂಪಾಯಿ ದಂಡ. ಗೂಡಿನ ಬಿಳಿ ಮೊಲಕ್ಕೆ? 1960ರ ಕಾಯ್ದೆಯ ಅದೇ 11ನೇ ಸೆಕ್ಷನ್ ಓದಿ. ಮೈ ಹೊರಳಿಸಲಾಗದ ಪಂಜರದಲ್ಲಿಡುವುದು, ಮೇವು ನೀರು ನೆರಳು ಕೊಡದಿರುವುದು, ನೋವಾಗುವಂತೆ ಸಾಗಿಸುವುದು, ಹಸಿದು ಬಾಯಾರಿ ಕಿಕ್ಕಿರಿದು ನರಳುವ ಪ್ರಾಣಿಯನ್ನು ಮಾರಾಟಕ್ಕಿಡುವುದು, ಎಲ್ಲವೂ ಅಪರಾಧ. ಸಂತೆಯ ಬುಟ್ಟಿಯ ವರ್ಣನೆ ಇದಕ್ಕಿಂತ ಚೆನ್ನಾಗಿ ಬರೆಯಲಾಗದು. ಮೊದಲ ಸಲಕ್ಕೆ ದಂಡ: 10 ರೂಪಾಯಿಗೆ ಕಡಿಮೆಯಿಲ್ಲ, 50ಕ್ಕೆ ಹೆಚ್ಚಿಲ್ಲ. ಮೂರು ವರ್ಷದೊಳಗೆ ಮತ್ತೆ ಸಿಕ್ಕಿಬಿದ್ದರೆ 25ರಿಂದ 100 ರೂಪಾಯಿ, ಅಥವಾ 3 ತಿಂಗಳವರೆಗೆ ಸಜೆ, ಅಥವಾ ಎರಡೂ. ಇವುಗಳಲ್ಲಿ ಹೆಚ್ಚಿನವು ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧಗಳೂ ಅಲ್ಲ, ಮೂರು ತಿಂಗಳೊಳಗೆ ಮೊಕದ್ದಮೆ ಹೂಡದಿದ್ದರೆ ಅದೂ ಮುಗಿಯಿತು. 2022ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ದಂಡ ಏರಿಸುವ ಕರಡು ಮಸೂದೆ ಹೊರಡಿಸಿ ಜನರ ಅಭಿಪ್ರಾಯ ಕೇಳಿತ್ತು. 1960ರ ಈ ಕಾಯ್ದೆ ಆಗಿನ ರಾಜ್ಯಸಭಾ ಸದಸ್ಯೆ ರುಕ್ಮಿಣಿದೇವಿ ಅರುಂಡೇಲ್ ಪಟ್ಟು ಹಿಡಿದು ಹುಟ್ಟಿಸಿದ್ದು. ಅಂದಿನ 50 ರೂಪಾಯಿಗೆ ತೂಕವಿತ್ತು. ಇಂದು ಅದು ಎರಡು ಪ್ಲೇಟ್ ಮಂಡಕ್ಕಿ, ಮಿರ್ಚಿಯ ದುಡ್ಡು.

ಮೊಳಕಾಲ್ಮೂರು ತಾಲ್ಲೂಕಿಗೆ ಪ್ರಾಣಿದಯೆಯ ಸರ್ಕಾರಿ ಆದೇಶ ಹೊಸದೇನಲ್ಲ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಹತ್ತಿರ ಹತ್ತಿರದ ಈ ಮೂರು ಕಡೆ ಅಶೋಕನ ಶಾಸನಗಳಿವೆ, 1892ರಲ್ಲಿ ಶಾಸನತಜ್ಞ ಬಿ. ಎಲ್. ರೈಸ್ ಬೆಳಕಿಗೆ ತಂದದ್ದು. ತಂದೆತಾಯಿಯ ಮಾತು ಕೇಳಬೇಕು, ಸತ್ಯ ನುಡಿಯಬೇಕು ಎನ್ನುವುದರ ಜೊತೆಗೆ ಜೀವಿಗಳ ವಿಷಯದಲ್ಲಿ ದಯೆ ದೃಢವಾಗಿರಬೇಕು ಎಂಬ ಆಶಯವೂ ಆ ಬಂಡೆಗಳ ಮೇಲಿದೆ. ಉತ್ತರದ ಸ್ತಂಭಗಳ ಮೇಲೆ ಅಶೋಕ ಇನ್ನೂ ವಿವರಕ್ಕಿಳಿದ: ಗಬ್ಬದ ಮತ್ತು ಹಾಲೂಡುವ ಆಡು, ಕುರಿ, ಹಂದಿಗಳನ್ನೂ ಆರು ತಿಂಗಳೊಳಗಿನ ಮರಿಗಳನ್ನೂ ಕೊಲ್ಲಬಾರದೆಂದ. ಎಳೆಯ ಮರಿಗೆ ವಯಸ್ಸಿನ ಮಿತಿ ಹಾಕುವ ಬುದ್ಧಿ ಎರಡು ಸಾವಿರ ವರ್ಷಕ್ಕೂ ಹಿಂದಿನದು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಬ್ರಹ್ಮಗಿರಿ ಶಾಸನದ ಆರಂಭ. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರು ಇಸಿಲ ಎಂಬ ಊರಿನ ಮಹಾಮಾತ್ರರಿಗೆ ಕಳಿಸಿದ ಆದೇಶ ಅದು. ಅಂದರೆ ಆದೇಶಕ್ಕೆ ಈ ಸೀಮೆಯಲ್ಲೇ ವಿಳಾಸವಿತ್ತು, ಅದನ್ನು ಓದಿ ಜಾರಿ ಮಾಡಬೇಕಾದ ಅಧಿಕಾರಿ ಇಲ್ಲೇ ಇದ್ದ.

ಈ ಸೀಮೆಯ ಮ್ಯಾಸಬೇಡರಿಗೂ ಆ ವಿವೇಕ ಗೊತ್ತು. ಅವರ ದೇವರ ಎತ್ತುಗಳನ್ನು ಯಾರೂ ಉಳುಮೆಗೆ ಕಟ್ಟುವುದಿಲ್ಲ, ಕಸಾಯಿಗೆ ಕೊಡುವುದಿಲ್ಲ. ಆ ಕಟ್ಟಳೆ ಇಷ್ಟು ಕಾಲ ನಿಂತಿರುವುದು ಬರೀ ಭಕ್ತಿಯಿಂದಲ್ಲ, ಪ್ರತಿ ಹಿಂಡಿಗೂ ಅದನ್ನು ಕಾಯುವ ಒಬ್ಬ ಕಿಲಾರಿ ಇರುವುದರಿಂದ. ಎತ್ತು ಬಡಕಲಾದರೆ ಜನ ಕೇಳುವುದು ಅವನನ್ನು. 2018ರ ನಿಯಮದ ಮೊಲಕ್ಕೆ ಈ ಎರಡು ತಾಲ್ಲೂಕುಗಳಲ್ಲಿ ಕಿಲಾರಿ ಯಾರು? ಮಂಡಳಿ ಇರುವುದು ಬೆಂಗಳೂರಿನಲ್ಲಿ. 2001ರ ನಿಯಮದ ಪ್ರಕಾರ ಪ್ರತಿ ಜಿಲ್ಲೆಗೂ ಪ್ರಾಣಿ ದಯಾ ಸಂಘ ಇರಬೇಕು, ನಮ್ಮ ರಾಜ್ಯದಲ್ಲಿ ಅದರ ಮುಂದಾಳು ಜಿಲ್ಲಾಧಿಕಾರಿ. ಚಿತ್ರದುರ್ಗದ ಜಿಲ್ಲಾಧಿಕಾರಿಯ ಮೇಜಿನ ಮೇಲೆ ಬರ, ಮೇವು, ಕುಡಿಯುವ ನೀರಿನ ಕಡತಗಳಿರುವಾಗ ಮೊಲದ ಕಡತ ಮೇಲೆ ಬರುವುದು ಹೇಗೆ? ಬರುವುದಿಲ್ಲ, ಅದು ಸಹಜ. ಅದಕ್ಕೇ ಆ ಕೆಲಸ ತಾಲ್ಲೂಕು ಮಟ್ಟಕ್ಕೆ ಇಳಿಯಬೇಕು.

ಸಂತೆಯ ಸುಂಕ ವಸೂಲಿಗೆ ಸ್ಥಳೀಯ ಸಂಸ್ಥೆಗಳಿವೆ, ಪ್ರಾಣಿ ನೋಡಲು ಪಶುವೈದ್ಯರಿದ್ದಾರೆ. ನೋಂದಣಿಯನ್ನು ಸಣ್ಣ ಮಾರಾಟಗಾರರಿಗೆ ಸಣ್ಣ ಶುಲ್ಕದಲ್ಲಿ, ತಾಲ್ಲೂಕು ಪಶು ಆಸ್ಪತ್ರೆಯಲ್ಲೇ ಮಾಡಿಕೊಡುವಂತೆ ನಿಯಮ ಬದಲಾಯಿಸಲಿ. ಮರಿ ಮಾಡಿಸುವವರಿಗೆ ನಾಯಿಗಿರುವಂಥ ಮಿತಿಗಳು ಬರಲಿ: ವರ್ಷಕ್ಕೆ ಇಷ್ಟೇ ಸೂಲು, ಇಷ್ಟು ವಾರ ತುಂಬದೆ ಮಾರಾಟವಿಲ್ಲ, ಮಾರ್ಚ್‌ನಿಂದ ಮೇ ತನಕ ಬಯಲುಸೀಮೆಯ ಸಂತೆಗಳಿಗೆ ಮೊಲ ತರುವುದೇ ಬೇಡ. ಕೊನೆಯದು ಯಾವ ಕರಡಿನಲ್ಲೂ ಇಲ್ಲ, ನನ್ನ ಸಲಹೆ. ಚಳ್ಳಕೆರೆಯ ಬೇಸಿಗೆ ಕಂಡವರು ಒಪ್ಪುತ್ತಾರೆಂದು ಭಾವಿಸಿದ್ದೇನೆ. ಪಂಚಾಯಿತಿಗಳು, ನಗರಸಭೆ ಇದನ್ನು ಸಂತೆಯ ಷರತ್ತಾಗಿ ಹಾಕಿಕೊಳ್ಳಲು ದೆಹಲಿಯ ಗೆಜೆಟ್‌ಗೆ ಕಾಯಬೇಕಿಲ್ಲ.

ಅಲ್ಲಿಯವರೆಗೆ ಮಗುವಿನ ಕೈ ಹಿಡಿದು ಬುಟ್ಟಿಯ ಮುಂದೆ ನಿಂತವರು ಚೌಕಾಸಿಗೆ ಮೊದಲು ಒಂದು ಮಾತು ಕೇಳಿ: ನೋಂದಣಿ ಪತ್ರ ಎಲ್ಲಿ, ಮರಿ ಎಷ್ಟು ವಾರದ್ದು, ಯಾರ ಮನೆಯದು? ಉತ್ತರ ಬರದಿದ್ದರೆ ಕೊಳ್ಳಬೇಡಿ.